ಯುದ್ಧಕಾಲದ ಹೆಂಗಸರ ಚರಿತ್ರೆ: ವಿದ್ಯಾರ್ಥಿವೇತನ ಯಾಕೆ ಬೇಕು?



ಕ್ಯಾಸಲ್‌ರಾಕ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ರೈಲು ನಿಲ್ದಾಣ, ಘಟ್ಟದ ಸುರಂಗಗಳು, ದೂಧಸಾಗರ ಜಲಪಾತ. ಆದರೆ ಜೋಯಿಡಾ ತಾಲ್ಲೂಕಿನ ಈ ಊರು 1961ರವರೆಗೆ ಗಡಿಯೂರಾಗಿತ್ತು. ಅದರಾಚೆಗೆ ಪೋರ್ಚುಗೀಸರ ಆಳ್ವಿಕೆಯ ಗೋವೆ. ಗೋವೆಯ ಪತ್ರಿಕೆಗಳ ಮೇಲೆ ಬಿಗಿ ಸೆನ್ಸಾರ್ ಇದ್ದ ಆ ದಿನಗಳಲ್ಲಿ ಕ್ಯಾಸಲ್‌ರಾಕ್‌ನ ಕಾಡಿನಿಂದ ಒಂದು ಗುಪ್ತ ರೇಡಿಯೊ ಕೇಂದ್ರ ಕೆಲಸ ಮಾಡುತ್ತಿತ್ತು. 1955ರ ನವೆಂಬರ್ 25ರಂದು ಸಾವಂತವಾಡಿ ಕಡೆಯ ಅಂಬೋಲಿ ಘಟ್ಟದಲ್ಲಿ ಆರಂಭವಾದ ಈ ಕೇಂದ್ರ ಆಮೇಲೆ ಕ್ಯಾಸಲ್‌ರಾಕ್‌ಗೆ ಬಂತು. ಪೋರ್ಚುಗೀಸ್ ಮತ್ತು ಕೊಂಕಣಿ ಭಾಷೆಗಳಲ್ಲಿ ಗೋವೆಯ ಜನರಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ.

ಈ ರೇಡಿಯೊ ನಡೆಸಿದವರಲ್ಲಿ ಲಿಬಿಯಾ ಲೋಬೊ ಒಬ್ಬರು. ಗೋವಾ ಮೂಲದವರು, ಮುಂಬಯಿಯಲ್ಲಿ ಓದಿ ಬೆಳೆದವರು. ನಗರದ ಬದುಕನ್ನು ಬಿಟ್ಟು ಆರು ವರ್ಷ ಅವರು ಕಾಡಿನಲ್ಲಿ ಇದ್ದುಬಿಟ್ಟರು. 1961ರ ಡಿಸೆಂಬರ್ 18 ಮತ್ತು 19ರಂದು ಭಾರತದ ಸೇನೆ ಗೋವೆಯನ್ನು ಬಿಡಿಸಿಕೊಂಡಿತು. ಆಗ ಲಿಬಿಯಾ ಮತ್ತು ಅವರ ಜೊತೆಗಾರ ವಾಮನ ಸರ್ದೇಸಾಯಿ ವಾಯುಪಡೆಯ ವಿಮಾನದಲ್ಲಿ ಗೋವೆಯ ಮೇಲೆ ಹಾರಾಡುತ್ತ, ಧ್ವನಿವರ್ಧಕದಲ್ಲಿ ವಿಮೋಚನೆಯ ಸುದ್ದಿಯನ್ನು ಸಾರಿದರು. 1964ರಲ್ಲಿ ಇಬ್ಬರೂ ಮದುವೆಯಾದರು.

ವಾಮನ ಸರ್ದೇಸಾಯಿಯವರಿಗೆ ಪದ್ಮಶ್ರೀ ಬಂದದ್ದು 1992ರಲ್ಲಿ. ಲಿಬಿಯಾ ಲೋಬೊ ಸರ್ದೇಸಾಯಿಯವರಿಗೆ ಅದೇ ಪ್ರಶಸ್ತಿ ಘೋಷಣೆಯಾದದ್ದು 2025ರ ಜನವರಿಯಲ್ಲಿ, ಅವರಿಗೆ ನೂರು ವರ್ಷ ತುಂಬಿದ ಮೇಲೆ. ಒಂದೇ ಕಾಡು, ಒಂದೇ ಮೈಕು, ಒಂದೇ ಅಪಾಯ. ಇಬ್ಬರಿಗೂ ಸಂದ ಗೌರವದ ನಡುವೆ ಮಾತ್ರ 33 ವರ್ಷಗಳ ಅಂತರ. ವಾಮನರಿಗೆ ಸಿಕ್ಕಿದ್ದು ಹೆಚ್ಚಾಯಿತೆಂದು ಯಾರೂ ಹೇಳುವುದಿಲ್ಲ. ಆದರೆ ನೂರು ವರ್ಷ ಬದುಕುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ತೊಂಬತ್ತಕ್ಕೆ ತೀರಿಕೊಂಡಿದ್ದರೆ ಲಿಬಿಯಾ ಅವರಿಗೆ ಆ ಗೌರವವೂ ಇರುತ್ತಿರಲಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ಯುದ್ಧದ ಬಿಸಿ ತಾಗಿದ ಹೆಂಗಸರ ಕಥೆಗಳು ಇನ್ನೂ ಎಷ್ಟೋ ಇವೆ. ಅವನ್ನು ಕೇಳಿ ಬರೆದಿಡುವವರು ಯಾರು? ಬರೆದದ್ದನ್ನು ಶಾಲೆ ಕಾಲೇಜುಗಳಲ್ಲಿ ಕಲಿಸುವವರು ಯಾರು? ಆ ಕೆಲಸಕ್ಕೆ ತಗಲುವ ಖರ್ಚು ಎಲ್ಲಿಂದ ಬರಬೇಕು? ಇಂದಿನ ಮಾತು ಈ ಮೂರು ಪ್ರಶ್ನೆಗಳ ಸುತ್ತ.

ಕತ್ತಿ ಹಿಡಿದವರು, ಹಿಡಿಯದವರು

ಯುದ್ಧದಲ್ಲಿ ಹೆಣ್ಣು ಎಂದ ಕೂಡಲೇ ಕನ್ನಡಿಗರ ಕಣ್ಣ ಮುಂದೆ ಬರುವವರು ಕಿತ್ತೂರ ಚೆನ್ನಮ್ಮ, ಕೆಳದಿಯ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಚಿತ್ರದುರ್ಗದ ಓಬವ್ವ. ಇವರ ಕಥೆ ಮಕ್ಕಳಿಗೆ ಚಿಕ್ಕಂದಿನಿಂದಲೇ ಗೊತ್ತು. ಅದು ಒಳ್ಳೆಯದೇ. ಆದರೆ ಯುದ್ಧ ಎಂಬುದು ಕೋಟೆಯ ಬಾಗಿಲಲ್ಲಿ ಮಾತ್ರ ನಡೆಯುವುದಿಲ್ಲ. ಗಂಡಸರು ಹೋದ ಮೇಲೆ ಹೊಲ ಉತ್ತವರು, ಬಚ್ಚಿಟ್ಟುಕೊಂಡವರಿಗೆ ರೊಟ್ಟಿ ಬುತ್ತಿ ಹೊತ್ತವರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದವರು, ಸೆರೆಮನೆಯಲ್ಲಿ ವರ್ಷ ಕಳೆದವರು, ಊರು ಬಿಟ್ಟು ಬಂದು ಬೇರೆ ಮಣ್ಣಿನಲ್ಲಿ ಒಲೆ ಹೂಡಿದವರು ಕೂಡ ಯುದ್ಧದ ಚರಿತ್ರೆಗೆ ಸೇರಿದವರೇ.

ಈ ಮಾತು ಹೊರದೇಶಗಳಲ್ಲಿ ಬಹಳ ಹಿಂದೆಯೇ ಕೆಲವರಿಗೆ ಹೊಳೆದಿತ್ತು. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಲಂಡನ್ನಿನಲ್ಲಿ ಯುದ್ಧ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಲಾಯಿತು. ಮುಂದೆ ಇಂಪೀರಿಯಲ್ ವಾರ್ ಮ್ಯೂಸಿಯಂ ಎಂದು ಹೆಸರಾದ ಆ ಸಂಸ್ಥೆಯಲ್ಲಿ ಹೆಂಗಸರ ಕೆಲಸದ ದಾಖಲೆಗೆಂದೇ ಅದೇ ವರ್ಷ ಒಂದು ಉಪಸಮಿತಿ ಏರ್ಪಟ್ಟಿತು. ದಾದಿಯರು, ಮದ್ದುಗುಂಡು ಕಾರ್ಖಾನೆಯ ಕೆಲಸದವರು, ಹೊಲಗೆಲಸದವರು ಇವರ ಫೋಟೊ, ಪತ್ರ, ಬಟ್ಟೆಬರೆಗಳನ್ನು ಅದು ಕೂಡಿಹಾಕಿತು. ಯುದ್ಧ ಮುಗಿದ ಮೇಲೆ ನೋಡೋಣವೆಂದು ಕುಳಿತಿದ್ದರೆ ಅವುಗಳಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಹೆಂಗಸರು ಇದ್ದರೆಂದು ಅಂದಾಜು. ವಿಮಾನ ಹಾರಿಸಿದವರು, ಗುರಿಕಾರರು, ಗಾಯಾಳುಗಳನ್ನು ಎಳೆದು ತಂದವರು ಅವರಲ್ಲಿದ್ದರು. ಯುದ್ಧ ಮುಗಿದು ನಾಲ್ಕು ದಶಕಗಳಾದರೂ ಅವರ ಮಾತು ಹೊರಬಿದ್ದಿರಲಿಲ್ಲ. ಬೆಲಾರುಸ್‌ನ ಪತ್ರಕರ್ತೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಟೇಪ್‌ರೆಕಾರ್ಡರ್ ಹಿಡಿದು ನೂರಾರು ಮನೆಗಳಿಗೆ ಹೋದರು. ಆ ಪುಸ್ತಕ 1985ರಲ್ಲಿ ಹೊರಬಂತು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಗಂಡ ಎದುರಿಗೆ ಕುಳಿತಿದ್ದರೆ ಹೆಂಡತಿಯ ಮಾತು ಬೇರೆಯಾಗುತ್ತಿತ್ತು, ಅವನು ಎದ್ದುಹೋದ ಮೇಲೆ ಬೇರೆಯೇ ಕಥೆ ಬರುತ್ತಿತ್ತು ಎಂದು ಆಕೆ ಗುರುತಿಸಿದ್ದಾರೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ನಡೆದ ಸಶಸ್ತ್ರ ಹೋರಾಟದಲ್ಲಿ ಪಾಲ್ಗೊಂಡ ಹೆಂಗಸರನ್ನು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಹೆಣ್ಣುಮಕ್ಕಳು ಹುಡುಕಿಕೊಂಡು ಹೋದರು. ಅವರು ಆಡಿದ ತೆಲುಗಿನಲ್ಲೇ ಅವರ ಮಾತು ದಾಖಲಿಸಿ 1986ರಲ್ಲಿ ಪುಸ್ತಕ ಮಾಡಿದರು. ಇಂಗ್ಲಿಷ್ ಆವೃತ್ತಿ ಬಂದದ್ದು ಆಮೇಲೆ, 1989ರಲ್ಲಿ. ಊರಿನ ಭಾಷೆ ಮೊದಲು, ಲೋಕದ ಭಾಷೆ ಆಮೇಲೆ ಎಂಬ ಈ ಕ್ರಮವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಸೆರೆಯಾದವರಿಬ್ಬರು

ಈಗ ಹಳಿಯಾಳದ ಕಡೆ ಬರೋಣ. ಹಳಿಯಾಳದಿಂದ ಕಿತ್ತೂರು ದೂರವಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇನ್ನೂ ಹತ್ತಿರ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಹತನಾದ. ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಸೆರೆಗೆ ಸಿಕ್ಕರು. ಅವರಲ್ಲಿ ಒಬ್ಬ ತರುಣ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಆತ ಕನ್ನಡ ನಾಡಿನ ಶಾಸನಗಳ ಬೆನ್ನು ಹತ್ತಿ, 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ. ಆ ಕುರಿತ ಅವನ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕರ್ನಾಟಕದ ಶಾಸನ ಸಂಶೋಧನೆಯನ್ನು ಹೇಳುವಾಗ ಎಲಿಯಟ್‌ನ ಹೆಸರು ಬಿಡುವಂತಿಲ್ಲ. ಕನ್ನಡಿಗರು ಅವನನ್ನು ಕೃತಜ್ಞತೆಯಿಂದಲೇ ನೆನೆಯುತ್ತಾರೆ.

ಅದೇ ಡಿಸೆಂಬರಿನಲ್ಲಿ ಕಿತ್ತೂರ ಕೋಟೆ ಬಿತ್ತು. ಈಗ ಸೆರೆಯಾದವಳು ಚೆನ್ನಮ್ಮ. ಸೊಸೆಯಂದಿರಾದ ವೀರವ್ವ, ಜಾನಕಿಬಾಯಿಯರನ್ನೂ ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರಲ್ಲಿ ಚೆನ್ನಮ್ಮ ಅಲ್ಲೇ ತೀರಿಕೊಂಡಳು. ನಾಲ್ಕು ವರ್ಷಕ್ಕೂ ಮೀರಿದ ಆ ಸೆರೆವಾಸವನ್ನು ತಿಳಿಯಬೇಕಾದರೆ ಮೊದಲು ತಿರುವಬೇಕಾದದ್ದು ಸೆರೆಯಲ್ಲಿಟ್ಟವರ ಕಾಗದಪತ್ರಗಳನ್ನು. ಮಿಕ್ಕದ್ದನ್ನು ಲಾವಣಿ, ಗೀಗೀ ಪದಗಳು ಕಾಪಾಡಿಕೊಂಡು ಬಂದಿವೆ.

ಸೆರೆಯಾದವರು ಎರಡೂ ಕಡೆಯಲ್ಲಿದ್ದರು. ಎಲಿಯಟ್‌ನಿಗೆ ಸಂಬಳವಿತ್ತು, ಬಿಡುವಿತ್ತು, ನಕಲು ತೆಗೆಯಲು ಕೈಕೆಳಗೆ ಜನರಿದ್ದರು, ಬರೆದದ್ದನ್ನು ಅಚ್ಚು ಹಾಕುವ ಸಂಸ್ಥೆಯಿತ್ತು. ವೀರವ್ವನಿಗಾಗಲಿ ಜಾನಕಿಬಾಯಿಗಾಗಲಿ ಇವುಗಳಲ್ಲಿ ಒಂದೂ ಇರಲಿಲ್ಲ. ವಿದ್ವತ್ತು ಹುಟ್ಟುವುದು ಬುದ್ಧಿಯಿಂದ ಮಾತ್ರವಲ್ಲ, ಅನುಕೂಲದಿಂದಲೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆ ಅನುಕೂಲವನ್ನು ಇಲ್ಲದವರಿಗೆ ಒದಗಿಸುವ ಉಪಾಯಕ್ಕೇ ಇಂದು ವಿದ್ಯಾರ್ಥಿವೇತನ ಎಂದು ಹೆಸರು.

ಚೆನ್ನಮ್ಮನ ಹೆಸರಿನಲ್ಲಿ ನಾಡು ಕೆಲವು ಒಳ್ಳೆಯ ಕೆಲಸಗಳನ್ನು ಮಾಡಿದೆ. ಕಿತ್ತೂರಿನಲ್ಲಿ 1969ರಲ್ಲಿ ಬಾಲಕಿಯರ ವಸತಿ ಶಾಲೆ ಆರಂಭವಾಯಿತು. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2024ರಲ್ಲಿ ಕಿತ್ತೂರು ವಿಜಯದ ಇನ್ನೂರನೇ ವರ್ಷದ ಉತ್ಸವವೂ ನಡೆಯಿತು. ಆದರೆ ಪ್ರತಿಮೆಯ ಕೆಳಗೆ ನಿಂತ ಹುಡುಗಿಯೊಬ್ಬಳು ವೀರವ್ವನ ಬಗ್ಗೆ ಇನ್ನಷ್ಟು ತಿಳಿಯಬೇಕೆಂದರೆ ಮುಂಬಯಿಯ ಪತ್ರಾಗಾರಕ್ಕೆ ಹೋಗಿ ವಾರಗಟ್ಟಲೆ ಕುಳಿತುಕೊಳ್ಳಬೇಕು. ಅವಳ ಟಿಕೆಟ್ಟಿನ ಹಣ, ಉಳಿಯುವ ಖರ್ಚು ಯಾರು ಕೊಡುತ್ತಾರೆ?

ಸಿದ್ದಿಯರ ಮನೆಯ ಮಾತು

ಹಳಿಯಾಳ, ಮುಂಡಗೋಡ, ಜೋಯಿಡಾ ಮತ್ತು ನೆರೆಯ ಯಲ್ಲಾಪುರದ ಕಾಡಂಚಿನಲ್ಲಿ ಬದುಕಿರುವ ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. ರಾಯಣ್ಣನ ಜೊತೆ ಹೋರಾಡಿದ ಗಜವೀರ ಎಂಬ ಸಿದ್ದಿಯ ಕಥೆ ಜನರ ಬಾಯಲ್ಲಿದೆ. ಆ ಗಜವೀರನ ಮನೆಯ ಹೆಂಗಸರು ಏನಾದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಿದ್ದಿ ಹೆಂಗಸರು ದಮಾಮಿ ಬಡಿತಕ್ಕೆ ಹೆಜ್ಜೆ ಹಾಕಿ ಹಾಡುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಈ ಕೌದಿಗಳು ವಿದೇಶದ ಪ್ರದರ್ಶನಗಳಿಗೂ ಹೋಗಿ ಹೆಸರು ಮಾಡಿವೆ. ಹಾಡು, ಕೌದಿ, ಮನೆತನದ ಹೆಸರು, ಯಾವ ಊರಿನಿಂದ ಯಾವ ಊರಿಗೆ ಓಡಿಬಂದೆವು ಎಂಬ ನೆನಪು ಇವೆಲ್ಲ ಕಾಗದವಿಲ್ಲದವರ ದಾಖಲೆಗಳು. ಅವನ್ನು ಓದಲು ಕಲಿಯಬೇಕಾದರೆ ಅವರ ಕೊಂಕಣಿ ಬರಬೇಕು, ಅವರ ಒಲೆಯ ಹತ್ತಿರ ಕುಳಿತುಕೊಳ್ಳುವ ಸಲಿಗೆಯೂ ಇರಬೇಕು. ಇದಕ್ಕೆ ಎಲ್ಲರಿಗಿಂತ ತಕ್ಕವಳು ಅದೇ ಕೇರಿಯಲ್ಲಿ ಹುಟ್ಟಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ.

ಇನ್ನು ಜೋಯಿಡಾ. ಮೊದಲು ಸೂಪಾ ತಾಲ್ಲೂಕು ಎಂದೇ ಇದಕ್ಕೆ ಹೆಸರು. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅನೇಕ ಕುಟುಂಬಗಳು ರಾಮನಗರದ ಪುನರ್ವಸತಿಗೆ ಬಂದವು. ಊರು ಮುಳುಗಿದಾಗ ಹೊಲಮನೆಯಷ್ಟೇ ಹೋಗುವುದಿಲ್ಲ, ಅಕ್ಕಪಕ್ಕ ಕೂತು ನೆನಪು ಮಾಡಿಕೊಳ್ಳುವ ಜಗಲಿಯೂ ಹೋಗುತ್ತದೆ. ಗೋವಾ ಗಡಿ ಮುಚ್ಚಿದ ವರ್ಷಗಳಲ್ಲಿ ಆಚೆಗೆ ಮದುವೆಯಾಗಿ ಹೋದ ಮಗಳು ತವರಿಗೆ ಬಂದಳೇ? ಉಪ್ಪು, ಕಾಯಿ, ಬಟ್ಟೆ ಎಲ್ಲಿಂದ ತರುತ್ತಿದ್ದರು? ಸತ್ಯಾಗ್ರಹಿಗಳು ಬಂದಾಗ ಅನ್ನ ಬೇಯಿಸಿದವರು ಯಾರು? ಇವು ಸಣ್ಣ ಪ್ರಶ್ನೆಗಳಲ್ಲ. 1961ರಲ್ಲಿ ಇಪ್ಪತ್ತು ವರ್ಷದವಳಾಗಿದ್ದ ಹೆಣ್ಣುಮಗಳಿಗೆ ಈಗ ಎಂಬತ್ತು ದಾಟಿದೆ. ಉತ್ತರ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮುಂಡಗೋಡದ ತಾಯಂದಿರು

ಮುಂಡಗೋಡದ ಟಿಬೆಟನ್ ಕ್ಯಾಂಪನ್ನು ನೋಡಲು ಬರುವವರು ಮಠಗಳ ಬಂಗಾರದ ಬಣ್ಣ ನೋಡಿ, ಸ್ವೆಟರ್ ಕೊಂಡು ಮರಳುತ್ತಾರೆ. 1966ರಲ್ಲಿ ನೆಲೆಯಾದ ಈ ವಸತಿಯ ಹಿಂದೆ ಒಂದು ಯುದ್ಧಕಾಲವಿದೆ. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆ ಎದ್ದರು. ಮಾರ್ಚ್ 12ರಂದು ಸಾವಿರಾರು ಹೆಂಗಸರು ತಾವೇ ಬೀದಿಗಿಳಿದರು. ಆ ದಿನವನ್ನು ಟಿಬೆಟನ್ ಮಹಿಳೆಯರು ಇಂದಿಗೂ ಆಚರಿಸುತ್ತಾರೆ. ಮುಂದೆ ಹಿಮಾಲಯ ದಾಟಿ ಬಂದವರು ಮೊದಲು ಗುಡ್ಡಗಾಡಿನ ರಸ್ತೆ ಕೆಲಸಕ್ಕೆ ಹೋದರು. ಆಮೇಲೆ ಕರ್ನಾಟಕದ ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು. ಚಳಿ ನಾಡಿನವರು ಮಲೆನಾಡ ಸೆರಗಿನ ಸೆಕೆ ಮತ್ತು ಮಳೆಯಲ್ಲಿ ಸಂಸಾರ ಹೂಡಿದ ಕಥೆಯಲ್ಲಿ ಹೆಂಗಸರದೇ ದೊಡ್ಡ ಪಾಲು.

ಆ ಕಾಲದ ಇಬ್ಬರು ಟಿಬೆಟನ್ ಹೆಂಗಸರ ಆತ್ಮಕಥೆಗಳು ಲೋಕಕ್ಕೆ ಗೊತ್ತಿವೆ. 27 ವರ್ಷ ಸೆರೆಯಲ್ಲಿದ್ದ ಅಮಾ ಅಧೆಯವರದು 1997ರಲ್ಲಿ ಬಂತು. ತನ್ನ ಜನರನ್ನು ಕಟ್ಟಿಕೊಂಡು ಹೋರಾಡಿ 21 ವರ್ಷ ಸೆರೆ ಕಂಡ ಸನ್ಯಾಸಿನಿ ಅನಿ ಪಾಚೆನ್ ಅವರದು 2000ದಲ್ಲಿ. ಎರಡೂ ಇಂಗ್ಲಿಷಿನಲ್ಲಿ, ಅಮೆರಿಕದ ಲೇಖಕಿಯರ ನೆರವಿನಿಂದ ಬಂದ ಪುಸ್ತಕಗಳು. ಧರ್ಮಶಾಲೆಯ ಟಿಬೆಟನ್ ಗ್ರಂಥಾಲಯದಲ್ಲಿ ಮೌಖಿಕ ಇತಿಹಾಸದ ವಿಭಾಗವೂ ಇದೆ. ಆದರೆ ಮುಂಡಗೋಡದ ಕನ್ನಡ ಶಾಲೆಯ ಮಗುವಿಗೆ, ಪಕ್ಕದ ಕ್ಯಾಂಪಿನ ಅಜ್ಜಿ ಯಾಕೆ, ಹೇಗೆ ಇಲ್ಲಿಗೆ ಬಂದಳೆಂದು ಹೇಳುವ ಪಾಠ ಬೇಕಲ್ಲವೇ? ಒಂದೇ ಸಂತೆಗೆ ಹೋಗುವ ಎರಡು ಊರುಗಳು ಆರು ದಶಕಗಳ ಮೇಲೂ ಒಬ್ಬರ ಕಥೆ ಒಬ್ಬರಿಗೆ ತಿಳಿಯದೆ ಇರುವುದು ಸರಿಯಲ್ಲ.

ಓದಿಗೆ ಬೆಂಬಲ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಮುಂಡಗೋಡವೇ ಸಾಕ್ಷಿ. ಬೌದ್ಧ ತತ್ತ್ವಶಾಸ್ತ್ರದ ಉನ್ನತ ಪದವಿಯಾದ ಗೆಶೆ ಶತಮಾನಗಳಿಂದ ಭಿಕ್ಷುಗಳಿಗೆ ಮೀಸಲಾಗಿತ್ತು. ಇಲ್ಲಿ 1987ರಲ್ಲಿ ಭಿಕ್ಷುಣಿಯರ ಜಂಗ್‌ಚುಬ್ ಚೋಲಿಂಗ್ ಮಠ ಆರಂಭವಾಯಿತು. ಭಿಕ್ಷುಣಿಯರೂ ಆ ಪದವಿಗೆ ಪರೀಕ್ಷೆ ಬರೆಯಬಹುದೆಂದು 2012ರಲ್ಲಿ ತೀರ್ಮಾನವಾಯಿತು. ಅದಕ್ಕೆ ಕನಿಷ್ಠ 17 ವರ್ಷಗಳ ಓದು ಬೇಕು, ಅದರ ಮೇಲೆ ನಾಲ್ಕು ವರ್ಷಗಳ ಪರೀಕ್ಷೆ. ದೇಶವಿದೇಶಗಳ ದಾನಿಗಳ ಹಣ ಇಂಥ ಓದಿಗೆ ಬೆನ್ನಾಗಿ ನಿಂತಿತ್ತು. 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರು ಬೇರೆ ಬೇರೆ ಮಠಗಳ 20 ಭಿಕ್ಷುಣಿಯರಿಗೆ ಗೆಶೆಮಾ ಪದವಿ ಕೊಟ್ಟರು. ಪದವಿ ಪಡೆದವರಿಗೆ ಈಗ ಇತರರಿಗೆ ಕಲಿಸುವ ಅರ್ಹತೆ ಬಂದಿದೆ. ಓದಿದವಳು ಗುರುವಾಗುವತನಕ ಕೈ ಬಿಡದ ನೆರವು ಎಂದರೆ ಇದು.

ನಡುದಾರಿಯಲ್ಲಿ ಕೈ ಬಿಟ್ಟ ನೆರವೂ ಇದೇ ಜಿಲ್ಲೆಯಲ್ಲಿ ಕಂಡಿದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ನೆರವು ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಮುಖ್ಯ.

ಇರುವ ವೇತನಗಳು, ಇರುವ ಕಂದಕ

ಹಾಗಾದರೆ ಈಗ ಯಾವ ನೆರವೂ ಇಲ್ಲವೇ? ಇದೆ. 1972ರಲ್ಲಿ ಸ್ಥಾಪನೆಯಾದ ಭಾರತೀಯ ಇತಿಹಾಸ ಸಂಶೋಧನ ಮಂಡಳಿ ಕಿರಿಯ ಸಂಶೋಧಕರಿಗೆ ವೇತನ ಕೊಡುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಒಬ್ಬಳೇ ಮಗಳಿರುವ ಮನೆಯ ಹೆಣ್ಣುಮಕ್ಕಳ ಸಂಶೋಧನೆಗೆ ಸಾವಿತ್ರಿಬಾಯಿ ಫುಲೆ ಹೆಸರಿನ ಫೆಲೋಷಿಪ್ ಇಟ್ಟಿದೆ. ಕೇಂದ್ರದ ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಫೆಲೋಷಿಪ್ ವರ್ಷಕ್ಕೆ 750 ಮಂದಿಗೆ ಎಂದು ನಿಗದಿಯಾದದ್ದು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರ ಮಕ್ಕಳಿಗೂ ಈ ಬಾಗಿಲು ತೆರೆದಿದೆ. 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರೂ ಪಟ್ಟಿಗೆ ಸೇರಿದರು.

ಆದರೆ ಈ ಮೂರೂ ವೇತನಗಳನ್ನು ಹತ್ತಿರದಿಂದ ನೋಡಿ. ಮೂರೂ ಆರಂಭವಾಗುವುದು ಎಂ.ಎ. ಮುಗಿದು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ಮೇಲೆ. ಅದಕ್ಕೂ ಮೊದಲು ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಫೀಸು ಮತ್ತು ಹಾಸ್ಟೆಲಿಗೆ ಸಲ್ಲುತ್ತದೆ. ಬಿ.ಎ. ಎರಡನೇ ವರ್ಷದಲ್ಲಿರುವ ಹುಡುಗಿ ತನ್ನ ಅಜ್ಜಿಯ ಮಾತನ್ನು ದಾಖಲಿಸಬೇಕೆಂದರೆ ಅವಳಿಗೆ ಈ ಏಣಿಯಲ್ಲಿ ಮೆಟ್ಟಿಲೇ ಇಲ್ಲ. ಅವಳು ಎಂ.ಎ. ಮುಗಿಸಿ, ಪ್ರವೇಶ ಪಡೆದು, ಫೆಲೋಷಿಪ್ ಕೈಗೆ ಬರುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ. ಎಂಬತ್ತೈದರ ಅಜ್ಜಿ ಅಲ್ಲಿಯತನಕ ಕಾಯುತ್ತಾಳೆಂದು ಹೇಳುವವರು ಯಾರು?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಷ್ಲೆಸಿಂಜರ್ ಗ್ರಂಥಾಲಯ ಹೆಂಗಸರ ಚರಿತ್ರೆಗೆಂದೇ ಇರುವಂಥದು. ಸಂದರ್ಶನ ಮಾಡಿ ಮಾತು ಸಂಗ್ರಹಿಸುವುದಕ್ಕೇ ಅದು ಪ್ರತ್ಯೇಕ ಧನಸಹಾಯ ಇಟ್ಟಿದೆ. ಮಾತು ಕೇಳುವುದೂ ಸಂಶೋಧನೆಯ ಕೆಲಸ, ಅದಕ್ಕೂ ಖರ್ಚಿದೆ ಎಂದು ಒಪ್ಪಿಕೊಂಡದ್ದರಿಂದ ಇದು ಸಾಧ್ಯವಾಯಿತು. ಒಂದು ತಾಸಿನ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ನಾಲ್ಕೈದು ತಾಸು ಬೇಕಾಗುತ್ತದೆ. ಅದು ಕೊಂಕಣಿಯಲ್ಲೋ ಟಿಬೆಟನ್ನಿನಲ್ಲೋ ಇದ್ದರೆ ಅನುವಾದಕ್ಕೆ ಇನ್ನಷ್ಟು. ಒಬ್ಬಳ ಮನೆಗೆ ಒಮ್ಮೆ ಹೋದರೆ ಸಾಲದು, ಮೂರು ನಾಲ್ಕು ಸಲ ಹೋಗಬೇಕು. ಜೋಯಿಡಾದ ಹಳ್ಳಿಗಳಿಗೆ ದಿನಕ್ಕೊಂದೆರಡು ಬಸ್ಸು ಇದ್ದರೆ ಹೆಚ್ಚು. ಕೂಲಿ ಬಿಟ್ಟು ಮಾತಾಡಲು ಕುಳಿತವರ ಆ ದಿನದ ಗಳಿಕೆಯನ್ನೂ ನೆನೆಯಬೇಕು.

ಎಂಥ ವೇತನ?

ಆದ್ದರಿಂದ ಈ ಭಾಗಕ್ಕೆ ಬೇಕಾದದ್ದು ಚಿಕ್ಕ ಮೊತ್ತದ, ಆದರೆ ನಿಲ್ಲದೆ ನಡೆಯುವ ವೇತನ. ಅದು ಪದವಿ ತರಗತಿಯ ಹುಡುಗಿಯರಿಗೆ ಸಿಗಬೇಕು. ಮನೆಮಾತು ಕೊಂಕಣಿ, ಮರಾಠಿ, ಉರ್ದು, ಟಿಬೆಟನ್, ಲಂಬಾಣಿ ಯಾವುದಿದ್ದರೂ ಅದನ್ನು ಕೊರತೆಯೆಂದಲ್ಲ, ಅರ್ಹತೆಯೆಂದು ಎಣಿಸಬೇಕು. ಟಿಬೆಟನ್ ಯುವತಿಯರಲ್ಲಿ ಹೆಚ್ಚಿನವರಿಗೆ ಭಾರತದ ಪೌರತ್ವವಿಲ್ಲ. ಪೌರತ್ವದ ಷರತ್ತು ಇಲ್ಲದ ಖಾಸಗಿ ದತ್ತಿಯಾದರೆ ಅವರೂ ಸೇರಬಹುದು.

ಎರಡನೆಯದಾಗಿ, ಅಧ್ಯಾಪಕರಿಗೂ ಅದರಲ್ಲಿ ಪಾಲಿರಬೇಕು. ಸಂಗ್ರಹಿಸಿದ್ದು ಕಪಾಟಿನಲ್ಲಿ ಉಳಿದರೆ ಅರ್ಧ ಕೆಲಸ ಮಾತ್ರ ಆದಂತೆ. ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಆ ಮಾತುಗಳಿಂದ ಹತ್ತು ಪುಟದ ಪಾಠ ಸಿದ್ಧಪಡಿಸಿ, ಕಲಿಸಿ, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದಿಡಬೇಕು. ಆ ಪ್ರಶ್ನೆಗಳೇ ಮುಂದಿನ ವರ್ಷದ ವಿದ್ಯಾರ್ಥಿನಿಗೆ ದಾರಿ ತೋರಿಸುತ್ತವೆ. ಪಠ್ಯಪುಸ್ತಕ ಬದಲಾಗುವವರೆಗೆ ಕಾಯಬೇಕಾಗಿಲ್ಲ.

ಮೂರನೆಯದಾಗಿ, ಜಾಗ ಬೇಕು. ಇದಕ್ಕೆ ಹೊಸ ಕಟ್ಟಡ ಕಟ್ಟುವ ಅಗತ್ಯವಿಲ್ಲ. ಮುಂಡಗೋಡಕ್ಕೆ ಹೊಂದಿಕೊಂಡ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿಯ ಹೆಸರಿನಲ್ಲಿದೆ. ಧ್ವನಿಮುದ್ರಣದ ಒಂದು ಪ್ರತಿ ಇಂಥ ಕಡೆ, ಇನ್ನೊಂದು ತಾಲ್ಲೂಕಿನ ಕಾಲೇಜಿನಲ್ಲಿ, ಮೂರನೆಯದು ಹೇಳಿದವರ ಮನೆಯಲ್ಲಿ ಇರಬೇಕು. ಹೇಳಿದವರ ಮನೆಗೇ ಪ್ರತಿ ಹೋಗದ ಸಂಶೋಧನೆ ಕೊಳ್ಳೆಗೆ ಸಮ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಯುದ್ಧಕಾಲದಲ್ಲಿ ಹೆಂಗಸರು ಅನುಭವಿಸಿದ್ದರಲ್ಲಿ ಹೇಳಲಾಗದ್ದು ಬಹಳ ಇರುತ್ತದೆ. ಜಪಾನಿ ಸೇನೆಯ ಸೆರೆಯಲ್ಲಿ ನರಳಿದ ಕೊರಿಯಾದ ಕಿಮ್ ಹಾಕ್ ಸುನ್ ಬಹಿರಂಗವಾಗಿ ಬಾಯಿ ಬಿಟ್ಟದ್ದು 1991ರಲ್ಲಿ, ಯುದ್ಧ ಮುಗಿದು 46 ವರ್ಷಗಳಾದ ಮೇಲೆ. ಅಜ್ಜಿ ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು. ಹೆಸರು ಬರೆಯಬೇಡ ಎಂದರೆ ಬರೆಯಬಾರದು. ಇನ್ನೊಂದು ಕಡೆ, ಕೇಳಿದ್ದೆಲ್ಲ ನಿಜವೆಂದೂ ನಂಬುವಂತಿಲ್ಲ. ನೆನಪು ತಾರೀಖು ತಪ್ಪುತ್ತದೆ, ಇಬ್ಬರ ಕಥೆಯನ್ನು ಒಂದು ಮಾಡುತ್ತದೆ. ಕಂದಾಯದ ಕಾಗದ, ಚರ್ಚಿನ ದಫ್ತರ, ಹಳೆಯ ಪತ್ರಿಕೆ ಇವುಗಳ ಜೊತೆ ತಾಳೆ ನೋಡುವುದನ್ನು ಹುಡುಗಿಗೆ ಕಲಿಸಬೇಕು. ವೇತನದ ಮೊದಲ ತಿಂಗಳು ಈ ತರಬೇತಿಗೇ ಹೋಗಲಿ.

ಹೊಟ್ಟೆಪಾಡಿಗೆ ದಾರಿ ಹುಡುಕುತ್ತಿರುವ ಹುಡುಗಿಯರಿಗೆ ಚರಿತ್ರೆಯ ಓದು ಯಾಕೆ, ಕಂಪ್ಯೂಟರ್ ಕಲಿಸಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಕಂಪ್ಯೂಟರನ್ನೂ ಕಲಿಸಲಿ. ಆದರೆ ಜನರ ಮಾತನ್ನು ತಾಳ್ಮೆಯಿಂದ ಕೇಳಿ, ತಪ್ಪಿಲ್ಲದೆ ಬರೆದು, ನಿಜ ಸುಳ್ಳು ತೂಗಿ, ನಾಲ್ಕು ಜನರ ಮುಂದೆ ಹೇಳಬಲ್ಲವಳಿಗೆ ಶಾಲೆ, ಪತ್ರಿಕೆ, ಕಚೇರಿ, ನ್ಯಾಯಾಲಯ ಎಲ್ಲೆಲ್ಲೂ ಕೆಲಸವಿದೆ. ಕಾಡಿನಲ್ಲಿ ಮೈಕು ಹಿಡಿದಿದ್ದ ಲಿಬಿಯಾ ಲೋಬೊ ಕಾನೂನು ಓದಿದವರು. ಗೋವಾ ಬಿಡುಗಡೆಯಾದ ಮೇಲೆ ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕಿಯಾಗಿಯೂ ಕೆಲಸ ಮಾಡಿದರು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಪ್ರತಿ ತಾಲ್ಲೂಕಿಗೆ ವರ್ಷಕ್ಕೆ ಇಬ್ಬರು ವಿದ್ಯಾರ್ಥಿನಿಯರು, ಒಬ್ಬ ಅಧ್ಯಾಪಕಿ ಎಂದು ಲೆಕ್ಕ ಹಾಕಿ. ಒಟ್ಟು ಹನ್ನೆರಡು ಮಂದಿ. ಒಂದು ಸಹಕಾರಿ ಸಂಘ, ಒಂದು ಕಾರ್ಖಾನೆ, ಹಳೆಯ ವಿದ್ಯಾರ್ಥಿಗಳ ಒಂದು ಬಳಗ ಸೇರಿದರೆ ಹೊರಬಹುದಾದ ಹೊರೆ ಇದು. ಐದು ವರ್ಷ ನಡೆದರೆ ನಲವತ್ತು ಹುಡುಗಿಯರು ನೂರಾರು ಅಜ್ಜಿಯರ ಮಾತು ಕೇಳಿರುತ್ತಾರೆ. ಸರ್ಕಾರದ ಆದೇಶಕ್ಕೆ ಕಾಯುತ್ತ ಕುಳಿತರೆ ಆ ಐದು ವರ್ಷದಲ್ಲಿ ಅಜ್ಜಿಯರು ಇರುವುದಿಲ್ಲ. ಬರುವ ಜೂನ್‌ನಲ್ಲಿ ಕಾಲೇಜು ಬಾಗಿಲು ತೆರೆಯುವಾಗ ಇಬ್ಬರಿಗಾದರೂ ಈ ವೇತನ ಸಿಗುವಂತಾಗಲಿ. ಉಳಿದದ್ದನ್ನು ಆ ಇಬ್ಬರು ತರುವ ಮೊದಲ ಧ್ವನಿಮುದ್ರಣವೇ ಮಾಡಿಸಿಕೊಳ್ಳುತ್ತದೆ.